ಎಡ ಹೆಬ್ಬೆರಳಿನ ಬೊಬ್ಬೆ: ಒಂದು ಗ್ರಿಪ್‌ನ ಪ್ರಕರಣ ಅಧ್ಯಯನ

ಬೊಬ್ಬೆ ಎದ್ದಿದ್ದು ಎಡ ಹೆಬ್ಬೆರಳಿನ ತುದಿಗೆ, ಉಗುರಿನ ಹಿಂಬದಿಯ ಮೆತ್ತನೆ ಜಾಗದಲ್ಲಿ. ಕಡಲೆಬೇಳೆ ಗಾತ್ರ, ಒಳಗೆ ನೀರು. ಅದರ ಮೇಲೆ ಟೇಪ್ ಸುತ್ತಿಕೊಂಡು ಇನ್ನೂ ಎರಡು ಗಂಟೆ ಆಡಿದೆ. ಬುದ್ಧಿ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆ ಬೊಬ್ಬೆಯಿಂದ ಶುರುವಾಗಿ ಸುಮಾರು ಎಂಟು ವಾರ ನಡೆದ ಹುಡುಕಾಟವನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಫೈಟಿಂಗ್ ಗೇಮ್‌ಗೆ ಕಂಟ್ರೋಲರ್ ಹೀಗೇ ಹಿಡಿಯಬೇಕು ಅಂತ ಹೇಳೋ ಬರಹ ಇದಲ್ಲ. ಒಬ್ಬನ ಎರಡು ಕೈ, ಒಂದು ಪ್ಯಾಡ್, ಒಂದು ಗೇಮ್, ಅಷ್ಟೇ.

ಗೇಮ್ ಸ್ಟ್ರೀಟ್ ಫೈಟರ್ 6. ಪಾತ್ರ ಕೆನ್. ಕಂಟ್ರೋಲ್ ಕ್ಲಾಸಿಕ್, ಅಂದರೆ ಪಂಚ್ ಮೂರು, ಕಿಕ್ ಮೂರು, ಒಟ್ಟು ಆರು ಬಟನ್. ಆಡುವುದು ಪಿಸಿಯಲ್ಲಿ, ಕೈಯಲ್ಲಿರುವುದು ಪ್ಲೇಸ್ಟೇಷನ್ 5ರ ಪ್ಯಾಡ್, ಡ್ಯುಯಲ್‌ಸೆನ್ಸ್. ಲೈಟ್ ಮತ್ತು ಮೀಡಿಯಂ ಏಟುಗಳು ಮುಖದ ಮೇಲಿನ ನಾಲ್ಕು ಬಟನ್‌ನಲ್ಲಿ, ಹೆವಿ ಪಂಚ್ ಆರ್1ರಲ್ಲಿ, ಹೆವಿ ಕಿಕ್ ಆರ್2ರಲ್ಲಿ. ಈ ಎರಡು ಬಟನ್ ಇರೋದು ಪ್ಯಾಡ್‌ನ ಬಲ ಮೇಲಂಚಿನಲ್ಲಿ. ಈ ಹಂಚಿಕೆಗೆ ವಯಸ್ಸಾಗಿದೆ. 1991ರಲ್ಲಿ ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡೋ ಯಂತ್ರಕ್ಕೆ, ಬಂದ ಸ್ಟ್ರೀಟ್ ಫೈಟರ್ 2ರಲ್ಲಿ ಆರು ಬಟನ್ ಮೂರು ಮೂರರಂತೆ ಎರಡು ಸಾಲಲ್ಲಿ ಇದ್ದವು. ಮರುವರ್ಷ ಅದೇ ಗೇಮ್ ಮನೆಯಲ್ಲಿ ಆಡೋ ಸೂಪರ್ ನಿಂಟೆಂಡೊಗೆ ಬಂದಾಗ ಅದರ ಪ್ಯಾಡ್ ಮುಖದಲ್ಲಿ ನಾಲ್ಕೇ ಬಟನ್ ಇದ್ದವು, ಹಾಗಾಗಿ ಹೆವಿ ಏಟು ಎರಡೂ ಭುಜದ, ಅಂದರೆ ಮೇಲಂಚಿನ, ಬಟನ್‌ಗೆ ಹೋದವು. ಅವತ್ತಿಂದ ಪ್ಯಾಡ್ ಹಿಡಿದವರ ತೋರುಬೆರಳಿಗೆ ಬಿಡುವಿಲ್ಲ. ಹಿಡಿಯೋ ಕೆಲಸವೂ ಅದರದ್ದೇ, ಹೊಡೆಯೋ ಕೆಲಸವೂ ಅದರದ್ದೇ. ಈ ಮಾತು ಮುಂದೆ ಮತ್ತೆ ಬರುತ್ತೆ.

ದೂರು ಏನೇನಿತ್ತು

ನಾಲ್ಕಿದ್ದವು. ಒಂದಕ್ಕೊಂದು ಸಂಬಂಧ ಇದೆ ಅಂತ ಆಗ ಅನಿಸಿರಲೇ ಇಲ್ಲ.

ಬೊಬ್ಬೆ ಒಂದು. ಎರಡನೆಯದು ನೋವು. ಒಂದು ಗಂಟೆ ಆಡಿದ ಮೇಲೆ ಎಡ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬದಿಗೆ, ಒಂಥರಾ ಸೆಳೆತ. ಬಾಟಲಿ ಮುಚ್ಚಳ ತಿರುಗಿಸುವಾಗ ಚುಳ್ ಅನ್ನುತ್ತಿತ್ತು. ಮೂರನೆಯದು ಆಟದೊಳಗಿನದು. ಮೇಲಿಂದ ಹಾರಿ ಬರುವವನನ್ನು ಹೊಡೆದು ಬೀಳಿಸೋದಕ್ಕೆ ಕೆನ್ ಹತ್ತಿರ ಇರೋ ಅಸ್ತ್ರ ಶೊರ್ಯೂಕೆನ್. ಮುಂದೆ, ಕೆಳಗೆ, ಕೆಳ-ಮುಂದೆ, ಜೊತೆಗೆ ಪಂಚ್. ಸ್ಕ್ರೀನಿನ ಎಡಗಡೆ ನಿಂತಾಗ ನನಗೆ ಇದು ಚೆನ್ನಾಗೇ ಬರುತ್ತಿತ್ತು. ಬಲಗಡೆ ನಿಂತು ಎಡಕ್ಕೆ ಮುಖ ಮಾಡಿದೆನೋ, ಮುಗೀತು. ಎದುರಾಳಿ ಹಾರಿ ಬರ್ತಾನೆ, ನಾನು ಕೂತು ಒಂದು ಸಣ್ಣ ಪಂಚ್ ಹೊಡೀತೀನಿ, ಅವನು ತಲೆ ಮೇಲೆ ಇಳಿದು ಇಡೀ ಕಾಂಬೊ, ಅಂದರೆ ಒಂದರ ಹಿಂದೊಂದು ಏಟಿನ ಸರಣಿ, ಬಾರಿಸ್ತಾನೆ.

ನಾಲ್ಕನೆಯದು ಡ್ರೈವ್ ಇಂಪ್ಯಾಕ್ಟ್. ಹೆವಿ ಪಂಚ್, ಹೆವಿ ಕಿಕ್ ಒಟ್ಟಿಗೆ ಒತ್ತಿದರೆ ಬರುವ ದೊಡ್ಡ ಹೊಡೆತ. ಅದು ತಾಗೋದಕ್ಕೆ 26 ಫ್ರೇಮ್ ಬೇಕು. ಫ್ರೇಮ್ ಅಂದರೆ ಸ್ಕ್ರೀನ್ ಮೇಲಿನ ಒಂದು ಚಿತ್ರ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುವುದರಿಂದ ಅದು ಹೆಚ್ಚುಕಡಿಮೆ 433 ಮಿಲಿಸೆಕೆಂಡ್. ಎದುರಾಳಿ ಹೊಡೆದಾಗ ಅಷ್ಟರೊಳಗೆ ನೋಡಿ, ತಿರುಗಿ ನಾವೂ ಒಂದು ಹೊಡೆದರೆ ಅವನದೇ ಸೋಲು. ಕಣ್ಣಿಗೆ ಕಾಣುತ್ತಿತ್ತು. ಕೈ ಕೂಡ ಹೋಗುತ್ತಿತ್ತು. ಆದರೆ ಐದರಲ್ಲಿ ಎರಡು ಸಲ ಡ್ರೈವ್ ಇಂಪ್ಯಾಕ್ಟ್ ಬದಲು ಬರೀ ಹೆವಿ ಪಂಚ್ ಬರುತ್ತಿತ್ತು.

ಮೊದಲು ಮಾಡಿದ ತಪ್ಪು

ಕೈ ಚಿಕ್ಕದು ಅಂದುಕೊಂಡೆ. ಪ್ಯಾಡ್ ಸರಿ ಇಲ್ಲ ಅಂದುಕೊಂಡೆ. ಮುಖದ ಮೇಲೇ ಆರು ಬಟನ್ ಇರುವ ಪ್ಯಾಡ್ ನೋಡಿದೆ, ಲೆವರ್ಲೆಸ್ ನೋಡಿದೆ. ಅದೇ, ದಿಕ್ಕುಗಳಿಗೂ ಬಟನ್ನೇ ಇರುವ ಡಬ್ಬ. ಒಂದು ರಾತ್ರಿ ಪೂರ್ತಿ ಬೇರೆಯವರು ಹಿಡಿಯೋ ವಿಡಿಯೋ ನೋಡಿ ಬೆಳಗ್ಗೆ ಎದ್ದು ಒಂದೇ ಸಲ ಎಲ್ಲ ಬದಲಾಯಿಸಿಬಿಟ್ಟೆ. ಡಿ-ಪ್ಯಾಡ್ (ಎಡ ಹೆಬ್ಬೆರಳು ಒತ್ತೋ ನಾಲ್ಕು ದಿಕ್ಕಿನ ಬಟನ್) ಬಿಟ್ಟು ಅನಲಾಗ್ ಸ್ಟಿಕ್ (ಸುತ್ತ ವಾಲಿಸೋ ಪುಟ್ಟ ಕಡ್ಡಿ), ಬಲಗೈಗೆ ಬೆರಳು ಕೊಕ್ಕೆ ಥರ ಬಾಗಿಸಿ ಹಿಡಿಯೋ ಕ್ಲಾ ಗ್ರಿಪ್, ಬಟನ್ ಜಾಗಗಳೂ ಹೊಸವು. ಮೂರು ದಿನ ಆಡಿದೆ. ಹನ್ನೊಂದು ಪಂದ್ಯ ಸತತ ಸೋತೆ. ಸೋತಿದ್ದು ದೊಡ್ಡದಲ್ಲ, ಯಾವುದರಿಂದ ಸೋತೆ ಅಂತ ಹೇಳೋಕೆ ಬರಲಿಲ್ಲ ನೋಡಿ, ಅದು ದೊಡ್ಡದು. ಮೂರು ಬದಲಾವಣೆಯಲ್ಲಿ ಒಂದು ಒಳ್ಳೆಯದೇ ಇದ್ದಿರಬಹುದು. ಗೊತ್ತಾಗೋ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ.

ದಿನಾ ನನ್ನ ಜೊತೆ ಆಡುವ ಗೆಳೆಯ ಒಬ್ಬನಿದ್ದಾನೆ. ಅವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ, ಹೊಸ ಪ್ಯಾಡ್ ತಗೋತೀನಿ ಅಂದೆ. ಅವನು ಕೇಳಿದ್ದು ಒಂದೇ. "ಗುರು, ನಿನ್ ಕೈ ಏನ್ ಮಾಡ್ತಿದೆ ಅಂತ ನೀನೇ ಯಾವತ್ತಾದ್ರೂ ನೋಡಿದೀಯಾ?"

ಇಲ್ಲ. ಕಣ್ಣು ಸ್ಕ್ರೀನ್ ಮೇಲಿರುತ್ತೆ. ಕೈ ನೋಡಬೇಕು ಅಂತ ತಿರುಗಿದ ಕೂಡಲೇ ಕೈ ನೆಟ್ಟಗೆ ಕೂತಿರುತ್ತೆ, ಮೇಷ್ಟ್ರು ಕ್ಲಾಸಿಗೆ ಬಂದ ಹಾಗೆ.

ಫೋನ್ ಕ್ಯಾಮರಾ ತೋರಿಸಿದ್ದು

ಪುಸ್ತಕಗಳ ಮೇಲೆ ಫೋನ್ ಒರಗಿಸಿ ಪ್ಯಾಡ್‌ನ ಕಡೆ ತಿರುಗಿಸಿ ಇಟ್ಟೆ. ಸ್ಲೋ ಮೋಷನ್. ಮೊದಲ ಎರಡು ಪಂದ್ಯದ ವಿಡಿಯೋ ಉಪಯೋಗಕ್ಕೆ ಬರಲಿಲ್ಲ, ಕ್ಯಾಮರಾ ಇದೆ ಅಂತ ಕೈ ನಾಟಕ ಮಾಡುತ್ತಿತ್ತು. ಐದನೇ ಪಂದ್ಯದ ಕೊನೇ ರೌಂಡ್ ಹೊತ್ತಿಗೆ ಮರೆತುಹೋಗಿದ್ದೆ. ಅಲ್ಲಿ ಸಿಕ್ಕಿತು.

ಮೊದಲು ಕಂಡಿದ್ದು ಉಗುರು. ಎಡ ಹೆಬ್ಬೆರಳಿನ ಉಗುರು ತುದಿಯಲ್ಲಿ ಬೆಳ್ಳಗಾಗಿ, ಹಿಂದೆ ಕೆಂಪಗಾಗಿ ಇತ್ತು. ಹಾಗಾಗುವುದು ಬಲವಾಗಿ ಒತ್ತಿದಾಗ. ಡಿ-ಪ್ಯಾಡ್ ಕೆಲಸ ಮಾಡೋದಕ್ಕೆ ಅಷ್ಟು ಬಲ ಬೇಡವೇ ಬೇಡ. ಆದರೆ ರೌಂಡ್ ಶುರುವಾದಾಗಿಂದ ಮುಗಿಯೋವರೆಗೂ ಉಗುರಿಗೆ ಬಣ್ಣ ವಾಪಸ್ ಬರಲೇ ಇಲ್ಲ. ಸುಮ್ನೆ ನಿಂತು ಎದುರಾಳಿಯನ್ನು ನೋಡುವಾಗಲೂ, ಯಾವ ದಿಕ್ಕೂ ಬೇಡದಾಗಲೂ, ಅದು ಬೆಳ್ಳಗೇ ಇತ್ತು.

ಆಮೇಲೆ ಕೆಳಗಿನ ಬೆರಳುಗಳು. ಎಡಗೈಯ ಉಂಗುರಬೆರಳು, ಕಿರುಬೆರಳು ಎರಡೂ ಹಿಡಿಯನ್ನು ಸುತ್ತಿಕೊಂಡೇ ಇರಲಿಲ್ಲ. ಚಹಾ ಕಪ್ ಹಿಡಿಯುವಾಗ ಕೆಲವರು ಕಿರುಬೆರಳು ಎತ್ತುತ್ತಾರಲ್ಲ, ಹಾಗೆ ಗಾಳಿಯಲ್ಲಿ. ಹಾಗಿದ್ದರೆ ಪ್ಯಾಡ್‌ನ ಎಡಭಾಗವನ್ನು ಹಿಡಿದುಕೊಂಡಿದ್ದು ಯಾರು? ಮೇಲಿಂದ ಹೆಬ್ಬೆರಳು, ಹಿಂದಿನಿಂದ ಎಡ ಮೇಲಂಚಿನ ಎಲ್1 ಬಟನ್ ಮೇಲೆ ಒತ್ತಿಕೊಂಡ ತೋರುಬೆರಳು. ಚಿಮುಟದ ಹಾಗೆ. ಡ್ಯುಯಲ್‌ಸೆನ್ಸ್ ಸುಮಾರು 280 ಗ್ರಾಂ. ಹಿಂದೆ ಇದ್ದ ಪ್ಲೇಸ್ಟೇಷನ್ 4ರ ಪ್ಯಾಡ್ ಡ್ಯುಯಲ್‌ಶಾಕ್ 4 ಸುಮಾರು 210. ಎರಡೂ ದೊಡ್ಡ ಭಾರವೇನಲ್ಲ, ಆದರೆ ಅಷ್ಟನ್ನು ಗಂಟೆಗಟ್ಟಲೆ ಚಿಮುಟದಲ್ಲಿ ಹಿಡಿದುಕೊಳ್ಳುವುದು, ಅದೂ ಅದೇ ಬೆರಳಲ್ಲಿ ಶೊರ್ಯೂಕೆನ್ ಹೊಡೆಯುತ್ತಾ, ತಮಾಷೆಯ ಮಾತಲ್ಲ.

ಬೊಬ್ಬೆಯ ಗುಟ್ಟು ಅಲ್ಲೇ ಇತ್ತು. ಹೆಬ್ಬೆರಳು ಎತ್ತಿದರೆ ಪ್ಯಾಡ್ ಜಾರುತ್ತೆ. ಅದಕ್ಕೇ ಹೆಬ್ಬೆರಳು ಎತ್ತುತ್ತಲೇ ಇರಲಿಲ್ಲ. ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪೂರ್ತಿ ಬಲ ಹಾಕಿಕೊಂಡೇ ಉಜ್ಜಿಕೊಂಡು ಹೋಗುತ್ತಿತ್ತು. ಪ್ಲೇಸ್ಟೇಷನ್ ಪ್ಯಾಡ್‌ನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬೇರೆ ಬೇರೆ ಗುಂಡಿಯ ಹಾಗೆ ಕಾಣುತ್ತವೆ, ಅವುಗಳಿಗೆ ಅಂಚಿದೆ. ಒಂದು ಸಂಜೆಗೆ ಎಷ್ಟು ಸಲ ಉಜ್ಜಿರಬಹುದು ಅಂತ ಲೆಕ್ಕ ಹಾಕಲು ಹೋಗಲಿಲ್ಲ, ಹೊಟ್ಟೆ ತೊಳಸುತ್ತೆ.

ಮೂರನೆಯದನ್ನು ಕಂಡುಹಿಡಿದಿದ್ದು ಗೆಳೆಯ. ವಿಡಿಯೋ ಅವನಿಗೆ ಕಳಿಸಿದ್ದೆ. "ಲೋ, ನಿನ್ ಪ್ಯಾಡ್ ಸ್ಟೀರಿಂಗ್ ಥರ ತಿರುಗ್ತಿದೆ ನೋಡೋ" ಅಂದ. ನಾನು ಗಮನಿಸಿರಲೇ ಇಲ್ಲ. ಬಲ ಹೆಬ್ಬೆರಳು ಮುಖದ ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲಿರುವ ತ್ರಿಕೋನದ ಬಟನ್ ತಲುಪಬೇಕಾದಾಗ ಬಲ ಅಂಗೈ ಹಿಡಿಯಿಂದ ಎದ್ದು ಬಿಡುತ್ತಿತ್ತು. ಕೂಡಲೇ ಪ್ಯಾಡ್‌ನ ಬಲಭಾಗ ತಗ್ಗಿ, ಇಡೀ ಪ್ಯಾಡ್ ಕಾರಿನ ಸ್ಟೀರಿಂಗ್ ಬಲಕ್ಕೆ ಸ್ವಲ್ಪ ತಿರುಗಿಸಿದ ಹಾಗೆ ಓರೆಯಾಗುತ್ತಿತ್ತು. ಡಿ-ಪ್ಯಾಡೂ ಅದರ ಜೊತೆಗೇ ಓರೆ. ನನ್ನ ಹೆಬ್ಬೆರಳಿಗೆ ಮಾತ್ರ ಇದು ಗೊತ್ತಿಲ್ಲ. ಅದು ತನ್ನ ಪಾಡಿಗೆ ನೇರ ಕೆಳಗೆ ಒತ್ತುತ್ತೆ, ಆದರೆ ಓರೆಯಾದ ಡಿ-ಪ್ಯಾಡ್ ಮೇಲೆ ಆ ಜಾಗ 'ಕೆಳಗೆ' ಅಲ್ಲ, 'ಕೆಳಗೆ-ಬಲ'.

ಟ್ರೇನಿಂಗ್ ಮೋಡ್‌ಗೆ ಹೋಗಿ ಇನ್‌ಪುಟ್ ಹಿಸ್ಟರಿ ಆನ್ ಮಾಡಿದೆ. ಪ್ರತಿ ದಿಕ್ಕನ್ನೂ ಎಷ್ಟು ಫ್ರೇಮ್ ಒತ್ತಿದ್ದೀವಿ ಅಂತ ಸ್ಕ್ರೀನಿನ ಬದಿಯಲ್ಲಿ ಅದು ಬರೆದು ತೋರಿಸುತ್ತೆ. ಬಲಗಡೆ ನಿಂತು 20 ಶೊರ್ಯೂಕೆನ್ ಪ್ರಯತ್ನಿಸಿದೆ. ಬಂದಿದ್ದು 9. ಬಾರದ 11ರಲ್ಲಿ ಹೆಚ್ಚಿನವುಗಳ ಹಿಸ್ಟರಿ ಒಂದೇ ತರ ಇತ್ತು. ಬೇಕಾಗಿದ್ದು ←, ↓, ↙. ಬಂದಿದ್ದು ←, ↘, ↓. ಗೆಳೆಯ ಹೇಳಿದ ಸ್ಟೀರಿಂಗ್ ಇದೇ! ಕೊನೆಯ ಎರಡೂ ದಿಕ್ಕು ಒಂದೊಂದು ಮನೆ ಸರಿದು ಬೀಳುತ್ತಿತ್ತು. ಎಡಗಡೆ ನಿಂತಾಗಲೂ ಓರೆ ಅಷ್ಟೇ ಇತ್ತು, ಆದರೆ ಅಲ್ಲಿ ↘ ನನಗೆ ಬೇಕಾದ ದಿಕ್ಕೇ, ಹಾಗಾಗಿ ತಪ್ಪು ಮುಚ್ಚಿಹೋಗುತ್ತಿತ್ತು. ಬಲಗಡೆ ನಂಗೆ ಬರಲ್ಲ ಅಂತ ಎರಡು ವರ್ಷ ಹೇಳಿಕೊಂಡು ತಿರುಗಿದ್ದೆ, ಅದೇನೋ ಹುಟ್ಟಿನಿಂದ ಬಂದ ಕೊರತೆ ಅನ್ನೋ ಹಾಗೆ. ಕೊರತೆ ಬಲ ಅಂಗೈಯಲ್ಲಿ ಇತ್ತು.

ಡ್ರೈವ್ ಇಂಪ್ಯಾಕ್ಟ್ ವಿಷಯ ಇಷ್ಟು ರೋಚಕ ಅಲ್ಲ. ಆರ್1, ಆರ್2 ಎರಡನ್ನೂ ನಾನು ಒಂದೇ ತೋರುಬೆರಳಲ್ಲಿ, ಮೇಲಿನ ಗೆಣ್ಣಿಂದ ಒಂದು, ತುದಿಯಿಂದ ಒಂದು ಒತ್ತುತ್ತಿದ್ದೆ. ಆರ್1 ಗಿಡ್ಡ ಬಟನ್, ಮುಟ್ಟಿದರೆ ಸಾಕು. ಆರ್2 ಟ್ರಿಗರ್, ಒಳಗೆ ಹೋಗಬೇಕಾದ ದೂರ ಜಾಸ್ತಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ತಾಗಬೇಕು, ಟ್ರಿಗರ್ ತಡ ಆದರೆ ಹೆವಿ ಪಂಚ್ ಒಂದೇ ಹೊರಡುತ್ತೆ. ಅಷ್ಟೇ.

ನೋವಿನ ಬಗ್ಗೆ

ಇದನ್ನು ತಮಾಷೆ ಮಾಡಲ್ಲ. ವೈದ್ಯರ ಹತ್ತಿರ ಹೋದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳಿ ಅಂದರು, ಆಮೇಲೆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ನಿಧಾನವಾಗಿ ಬಾಗಿಸಿದರು. ಅರ್ಧದಲ್ಲೇ ಅಯ್ಯೋ ಅಂದೆ. ಹೆಬ್ಬೆರಳನ್ನು ಎತ್ತಿ ಹೊರಗೆ ಚಾಚುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಆ ಬದಿಯಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದುಹೋಗುತ್ತವೆ. ಆ ಜಾಗ ಕೆರಳಿ ಊದಿಕೊಂಡರೆ ಡಿ ಕರ್ವೇನ್ ಅಂತ ಕರೆಯುವ ತೊಂದರೆ. ನನ್ನದು ಶುರುವಿನ ಹಂತ, ಹತ್ತು ದಿನ ಪ್ಯಾಡ್ ಮುಟ್ಟಬೇಡಿ ಅಂದರು. ಮುಟ್ಟಲಿಲ್ಲ. ನಿಮಗೂ ಆ ಜಾಗದಲ್ಲಿ ನೋವಿದ್ದರೆ ಗ್ರಿಪ್ ಬದಲಾಯಿಸೋದು ಆಮೇಲೆ, ಮೊದಲು ತೋರಿಸಿಕೊಂಡು ಬನ್ನಿ. ನೋವಿರುವ ಕೈಯಲ್ಲಿ ಕಲಿತ ಗ್ರಿಪ್ ನೋವಿನಿಂದ ತಪ್ಪಿಸಿಕೊಳ್ಳೋ ಗ್ರಿಪ್ ಆಗಿರುತ್ತೆ, ಆಡೋ ಗ್ರಿಪ್ ಅಲ್ಲ.

ಆ ಹತ್ತು ದಿನ ಬೇರೆಯವರ ಕೈ ನೋಡುತ್ತಾ ಕೂತೆ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಫೈಟಿಂಗ್ ಗೇಮ್‌ಗಳ ದೊಡ್ಡ ಟೂರ್ನಿ ಇವೋದಲ್ಲಿ, 2014ರಲ್ಲಿ, ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಗೆದ್ದ ಫ್ರಾನ್ಸಿನ ಆಟಗಾರ ಲಫಿ ಕೈಯಲ್ಲಿದ್ದಿದ್ದು ಮೊದಲ ಪ್ಲೇಸ್ಟೇಷನ್‌ನ ಪ್ಯಾಡ್. ಸುತ್ತ ಎಲ್ಲರೂ ದೊಡ್ಡ ದೊಡ್ಡ ಆರ್ಕೇಡ್ ಸ್ಟಿಕ್ ತೊಡೆ ಮೇಲೆ ಇಟ್ಟುಕೊಂಡಿದ್ದ ಕಾಲ ಅದು. ಹೊಸ ಪ್ಯಾಡ್ ಕೊಳ್ಳೋ ಯೋಚನೆಯನ್ನು ಅಲ್ಲಿಗೆ ಕೈಬಿಟ್ಟೆ.

ಒಂದೊಂದಾಗಿ

ವಾಪಸ್ ಬಂದ ಮೇಲೆ ಒಂದು ನಿಯಮ ಹಾಕಿಕೊಂಡೆ. ವಾರಕ್ಕೆ ಒಂದೇ ಬದಲಾವಣೆ. ಆ ವಾರ ರ್‍ಯಾಂಕ್ಡ್, ಅಂದರೆ ಅಂಕಕ್ಕಾಗಿ ಆನ್‌ಲೈನ್‌ನಲ್ಲಿ ಆಡೋ ಪಂದ್ಯ, ಇಲ್ಲ, ಟ್ರೇನಿಂಗ್ ಮೋಡ್ ಮತ್ತು ಗೆಳೆಯನ ಜೊತೆ ಮಾತ್ರ.

ಮೊದಲ ವಾರ ಬಟನ್ ವಿಷಯಕ್ಕೇ ಹೋಗಲಿಲ್ಲ. ಭಾರ ಯಾರು ಹೊರಬೇಕು ಅನ್ನೋದು ತೀರ್ಮಾನ ಆಗಬೇಕಿತ್ತು. ಒತ್ತುವ ಬೆರಳು ಹೊರಬಾರದು, ಹೊರುವ ಬೆರಳು ಒತ್ತಬಾರದು. ಇಷ್ಟನ್ನು ಯಾಕೆ ಯಾರೂ ಮೊದಲೇ ಹೇಳಲ್ಲ ಅಂತ ಈಗಲೂ ಅನಿಸುತ್ತೆ. ಗ್ರಿಪ್ ಅಂದ ಕೂಡಲೇ ಎಲ್ಲರೂ ಯಾವ ಬೆರಳು ಯಾವ ಬಟನ್ ಮೇಲೆ ಅಂತಲೇ ಮಾತಾಡ್ತಾರೆ, ಬಟನ್ ಮುಟ್ಟದ ಬೆರಳುಗಳ ಸುದ್ದಿಯೇ ಇಲ್ಲ.

ಪ್ಯಾಡ್‌ನ ಎರಡೂ ಹಿಡಿಗಳ ತುದಿಯನ್ನು ತೊಡೆಗೆ ತಾಗಿಸಿ ಇಟ್ಟೆ. ಉಂಗುರಬೆರಳು, ಕಿರುಬೆರಳು ಎರಡೂ ಕಡೆ ಹಿಡಿಯನ್ನು ಸುತ್ತಿಕೊಳ್ಳಬೇಕು. ಹೆಬ್ಬೆರಳಿನ ಬುಡದ ದಪ್ಪ ಮಾಂಸ ಹಿಡಿಯ ಮೇಲೆ ಕೂರಬೇಕು. ಆಮೇಲೆ ಪರೀಕ್ಷೆ: ಎರಡು ಹೆಬ್ಬೆರಳು, ಎರಡು ತೋರುಬೆರಳು, ಎರಡು ನಡುಬೆರಳು, ಆರನ್ನೂ ಗಾಳಿಗೆ ಎತ್ತಬೇಕು. ಪ್ಯಾಡ್ ಅಲ್ಲಾಡಬಾರದು. ಮೊದಲ ದಿನ ಎತ್ತಿದ ಕೂಡಲೇ ಎಡಭಾಗ ತೊಪ್ಪನೆ ಮುಂದಕ್ಕೆ ಬಿತ್ತು. ಬೆರಳಿಗೆ ಹಿಡಿಯೋದು ಮರೆತೇ ಹೋಗಿತ್ತು. ರೌಂಡ್ ಮಧ್ಯೆ ಸ್ವಲ್ಪ ಬಿಡುವು ಸಿಕ್ಕಾಗೆಲ್ಲ, ರೀಪ್ಲೇ ಬರುವಾಗ, ಲೋಡ್ ಆಗುವಾಗ ಆರು ಬೆರಳು ಎತ್ತಿ ನೋಡೋದು ಚಟ ಆಯಿತು. ನೋಡಿದವರಿಗೆ ಹುಚ್ಚು ಅನಿಸಬೇಕು.

ಕೂರುವ ಭಂಗಿಯೂ ಇದರ ಜೊತೆಗೇ ಬದಲಾಯಿತು. ಮುಂದಕ್ಕೆ ಬಾಗಿ ಮೊಣಕೈ ಮಂಡಿ ಮೇಲೆ ಊರಿ ಕೂರೋದು ನನ್ನ ಅಭ್ಯಾಸ. ಹಾಗೆ ಕೂತರೆ ಪ್ಯಾಡ್ ಗಾಳಿಯಲ್ಲಿ ನೇತಾಡುತ್ತೆ, ಮಣಿಕಟ್ಟು ಕಿರುಬೆರಳಿನ ಕಡೆ ಬಾಗುತ್ತೆ. ವೈದ್ಯರು ಅಯ್ಯೋ ಅನಿಸಿದ್ದು ಅದೇ ದಿಕ್ಕಿಗೆ ಬಾಗಿಸಿ! ಬೆನ್ನು ಹಿಂದಕ್ಕೆ ಒರಗಿಸಿ, ಮೊಣಕೈ ಪಕ್ಕೆಗೆ ಬಿಟ್ಟರೆ ಮಣಿಕಟ್ಟು ತಾನಾಗೇ ನೇರ ಬಂತು.

ಎರಡನೇ ವಾರ ಎಡ ಹೆಬ್ಬೆರಳು. ತುದಿಯಿಂದ ಉಜ್ಜುವುದನ್ನು ಬಿಟ್ಟು, ಹೆಬ್ಬೆರಳಿನ ಚಪ್ಪಟೆ ಭಾಗವನ್ನು ಡಿ-ಪ್ಯಾಡ್‌ನ ನಡುವೆ ಇಟ್ಟು ಅತ್ತಿತ್ತ ವಾಲಿಸುವುದು. ಬಲಕ್ಕೂ ಮೇಲಕ್ಕೂ ತುದಿ ಭಾರ ಹಾಕುತ್ತೆ, ಎಡಕ್ಕೂ ಕೆಳಕ್ಕೂ ಗೆಣ್ಣಿನ ಹತ್ತಿರದ ಭಾಗ. ಬರೆಯೋಕೆ ಸುಲಭ. ನನಗೆ ಇದಕ್ಕೆ ಹಿಡಿದಿದ್ದು ಹನ್ನೆರಡು ದಿನ, ವಾರಕ್ಕೊಂದು ಅನ್ನೋ ನಿಯಮ ಇಲ್ಲೇ ಮುರಿಯಿತು. ಹೆಬ್ಬೆರಳು ಎತ್ತುವ ಧೈರ್ಯ ಮೊದಲ ವಾರದ ಕೆಲಸದಿಂದ ಬಂದಿತ್ತು, ಅದಿಲ್ಲದೆ ಇದು ಆಗುತ್ತಲೇ ಇರಲಿಲ್ಲ. ಬಲಗಡೆ ನಿಂತು ದಿನಾ 20 ಶೊರ್ಯೂಕೆನ್, ನಿಧಾನವಾಗಿ, ಹಿಸ್ಟರಿ ನೋಡುತ್ತಾ. ಎಡ ಹೆಬ್ಬೆರಳಿನ ಉಗುರನ್ನೂ ಗಿಡ್ಡ ಕತ್ತರಿಸಿದೆ, ಉದ್ದ ಉಗುರಿದ್ದರೆ ಬೆರಳು ತಾನಾಗೇ ತುದಿ ಮೇಲೆ ನಿಲ್ಲೋಕೆ ನೋಡುತ್ತೆ.

ಅನಲಾಗ್ ಸ್ಟಿಕ್ ಯಾಕೆ ಬೇಡ ಅಂತ ಕೇಳಬಹುದು. ಸುತ್ತಿಸುವ ಚಲನೆಗೆ ಅದು ಮೆತ್ತಗೆ, ಬೊಬ್ಬೆಯೂ ಬರಲ್ಲ. ಆದರೆ ಎರಡು ಸಲ ಮುಂದೆ ತಟ್ಟಿ ಡ್ಯಾಶ್ ಮಾಡುವಾಗ, ಅಂದರೆ ಚಕ್ಕನೆ ಮುನ್ನುಗ್ಗುವಾಗ, ಅದು ನಡುವಿಗೆ ವಾಪಸ್ ಬರೋ ಹೊತ್ತು ನನಗೆ ಸರಿ ಬರಲಿಲ್ಲ. ಕೆನ್ ಆಟ ಎಲ್ಲಾ ಡ್ಯಾಶ್ ಮೇಲೆ. ಬಿಟ್ಟೆ.

ಮೂರನೆಯದು ಬಲಗೈ. ಇಲ್ಲಿ ಕ್ಲಾ ಗ್ರಿಪ್‌ಗೆ ಇನ್ನೊಂದು ಅವಕಾಶ ಕೊಟ್ಟೆ, ಈ ಸಲ ಒಂದನ್ನೇ. ತೋರುಬೆರಳನ್ನು ಕೊಕ್ಕೆ ಥರ ಬಾಗಿಸಿ ಮೇಲಿಂದ ಚೌಕ, ತ್ರಿಕೋನದ ಮೇಲೆ, ಹೆಬ್ಬೆರಳು ಕೆಳಗಿನ ಎರಡರ ಮೇಲೆ, ನಡುಬೆರಳು ಆರ್1, ಉಂಗುರಬೆರಳು ಆರ್2. ಪಂಚ್ ಕಿಕ್ ಒಟ್ಟಿಗೆ ಒತ್ತೋಕೆ ಸ್ವರ್ಗ. ಆದರೆ ಲೆಕ್ಕ ಹಾಕಿ ನೋಡಿ, ಹೊರೋಕೆ ಉಳಿದಿದ್ದು ಯಾರು? ಕಿರುಬೆರಳು ಒಂದೇ. ಐದನೇ ದಿನ ಆ ಪಾಪದ ಬೆರಳು ನಡುಗೋಕೆ ಶುರು ಮಾಡಿತು, ಪ್ಯಾಡ್ ಮತ್ತೆ ಬಲಕ್ಕೆ ಓರೆ. ಪ್ಯಾಡನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಬಲಗೈಯನ್ನು ಹಾರ್ಮೋನಿಯಂ ಮೇಲೆ ಆಡಿಸಿದ ಹಾಗೆ ಆಡಿಸಿದೆ, ಅದರಲ್ಲಿ ಹೊರೋ ಪ್ರಶ್ನೆಯೇ ಇಲ್ಲ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಹಿತವಾಗಿದ್ದದ್ದು ಅದೇ. ಆದರೆ ಮೇಜಿನ ಎತ್ತರ ಎರಡು ಬೆರಳಷ್ಟು ಬದಲಾದರೂ ಕೈ ಕಂಗಾಲು. ಎಲ್ಲಿಗೆ ಹೋದರೂ ಜೊತೆಗೆ ಬರೋದು ತೊಡೆ, ಮೇಜಲ್ಲ.

ಕೊನೆಗೆ ಉಳಿದಿದ್ದು ತೀರಾ ಸಪ್ಪೆ ಅನಿಸೋ ಗ್ರಿಪ್. ತೋರುಬೆರಳು ಆರ್1 ಬಿಟ್ಟು ಅಲ್ಲಾಡಲ್ಲ, ನಡುಬೆರಳು ಆರ್2 ಬಿಟ್ಟು ಅಲ್ಲಾಡಲ್ಲ, ಇನ್ನೆರಡು ಬೆರಳು ಹಿಡಿ ಬಿಡಲ್ಲ. ತ್ರಿಕೋನ ತಲುಪೋಕೆ ಅಂಗೈ ಎತ್ತೋ ಬದಲು ಇಡೀ ಬಲಗೈಯನ್ನೇ ಹಿಡಿಯ ಮೇಲೆ ಅರ್ಧ ಇಂಚು ಮೇಲಕ್ಕೆ ಸರಿಸಿ ಇಟ್ಟುಕೊಂಡೆ. ಈಗ ಎಲ್ಲಕ್ಕಿಂತ ಕೆಳಗಿನ ಕ್ರಾಸ್ ಬಟನ್‌ಗೆ ಹೆಬ್ಬೆರಳು ಸ್ವಲ್ಪ ಮಡಚಬೇಕು, ಮಡಚೋದು ಚಾಚೋದಕ್ಕಿಂತ ನನ್ನ ಕೈಗೆ ಸಲೀಸು. ಓರೆ ಹೋಯಿತು.

ನಾಲ್ಕನೆಯದರಲ್ಲಿ ಒಂದು ತಮಾಷೆ ಆಯಿತು. ಡ್ರೈವ್ ಇಂಪ್ಯಾಕ್ಟ್‌ಗೆ ಒಂದೇ ಬಟನ್ ಇಟ್ಟುಕೊಳ್ಳೋಕೆ ಗೇಮ್ ಬಿಡುತ್ತೆ, ಎಲ್1ಗೆ ಹಾಕಿಕೊಂಡೆ. ಅವತ್ತು ಗೆಳೆಯನ ಜೊತೆ ಆಡಿದರೆ ಕೆನ್ ಸುಮ್ನೆ ಸುಮ್ನೆ ಡ್ರೈವ್ ಇಂಪ್ಯಾಕ್ಟ್ ಹೊಡೀತಿದ್ದಾನೆ. ನಾನು ಒತ್ತಿಲ್ಲ, ದೇವರಾಣೆ. "ಏನೋ ಮಗಾ, ತಲೆ ಕೆಟ್ಟಿದೆಯಾ?" ಅಂತ ಅವನು ನಗ್ತಿದ್ದ. ವಿಡಿಯೋ ನೋಡಿದರೆ ಗೇಮ್‌ನಲ್ಲಿ ಕೆನ್‌ನ ಆರೋಗ್ಯ ಕಮ್ಮಿಯಾಗಿ ರೌಂಡ್ ಬಿಗಿಯಾದಾಗ ಎಡ ತೋರುಬೆರಳು ಹಳೇ ಚಿಮುಟಕ್ಕೆ ವಾಪಸ್ ಹೋಗಿ ಎಲ್1ನ್ನು ಹಿಂಡುತ್ತಿತ್ತು. ಮೊದಲು ಅಲ್ಲಿ ನಾನು ಬಳಸದ ಬಟನ್ ಇದ್ದಿದ್ದರಿಂದ ಗೊತ್ತಾಗುತ್ತಿರಲಿಲ್ಲ. ಬಟನ್ ಬೇರೆ ಕಡೆ ಹಾಕು ಅಂತ ಅವನು ಹೇಳಿದ. ನಾನು ಬೇಕಂತಲೇ ಬಿಟ್ಟೆ. ಹಿಂಡಿದ ಕೂಡಲೇ ಶಿಕ್ಷೆ, ಇದಕ್ಕಿಂತ ಒಳ್ಳೆ ಅಲಾರಂ ಎಲ್ಲಿ ಸಿಗುತ್ತೆ? ಎರಡು ವಾರದಲ್ಲಿ ಪಂದ್ಯಕ್ಕೆ ಐದಾರು ಸಲ ಆಗುತ್ತಿದ್ದದ್ದು ಅಪರೂಪಕ್ಕೆ ಒಂದು ಆಯಿತು.

ಟೂರ್ನಿ

ಏಳನೇ ವಾರ ಒಂದು ಸಣ್ಣ ಟೂರ್ನಿಗೆ ಹೋದೆ. ಡಬಲ್ ಎಲಿಮಿನೇಷನ್, ಎರಡು ಸೋತರೆ ಮನೆಗೆ. ವೈರ್‌ಲೆಸ್ ಪ್ಯಾಡ್ ಬೇಡ, ಕೇಬಲ್ ಹಾಕಿಕೊಳ್ಳಿ ಅಂದರು. ಸರಿಯೇ, ಯಾರದೋ ಪ್ಯಾಡ್ ಕನೆಕ್ಟ್ ಆಗಿ ಪಂದ್ಯದ ಮಧ್ಯೆ ಆಟ ತಟ್ಟನೆ ನಿಂತುಹೋಗೋದು ಯಾರಿಗೂ ಬೇಡ. ಆದರೆ ನಾನು ಏಳು ವಾರ ಕೇಬಲ್ ಇಲ್ಲದೆ ಅಭ್ಯಾಸ ಮಾಡಿದ್ದೆ. ಮೇಜಿನ ಅಂಚಿನಿಂದ ಜೋತುಬಿದ್ದ ಕೇಬಲ್ ಪ್ಯಾಡ್‌ನ ಮೂತಿಯನ್ನು ಕೆಳಕ್ಕೆ ಎಳೆಯುತ್ತಿತ್ತು. ಎಳೆತ ಕೆಲವೇ ಗ್ರಾಂ ಇರಬಹುದು, ಕೈಗೆ ಬೆಟ್ಟದಷ್ಟು. ಮೊದಲ ಪಂದ್ಯ ಹೇಗೋ ಗೆದ್ದೆ. ಎರಡನೆಯದಕ್ಕೆ ಕೇಬಲನ್ನು ಮಂಡಿ ಕೆಳಗಿಂದ ತಂದು ಸ್ವಲ್ಪ ಸಡಿಲ ಬಿಟ್ಟೆ, ಸರಿಹೋಯಿತು, ಅದನ್ನೂ ಗೆದ್ದೆ.

ಮೂರನೇ ಎದುರಾಳಿ ಬಿಡಿ, ಅವರ ಮಟ್ಟವೇ ಬೇರೆ, ಎರಡೂ ಗೇಮ್ ಸಲೀಸಾಗಿ ಹೊಡೆದರು. ನಾಲ್ಕನೆಯದು ಸಮಸಮ ಇತ್ತು. ಒಂದೊಂದು ಗೇಮ್ ಆಗಿ, ಮೂರನೇ ಗೇಮ್‌ನ ಕೊನೇ ರೌಂಡ್. ನಾನು ಬಲಗಡೆ. ಅವರು ಹಾರಿದರು. ಶೊರ್ಯೂಕೆನ್ ಬಂತು! ಕೂಗಬೇಕು ಅನಿಸಿತು. ಇಬ್ಬರದೂ ಇನ್ನೊಂದೇ ಏಟಿನ ಆರೋಗ್ಯ. ಅವರು ಎದ್ದು ಏನೂ ಮಾಡದೆ ಗಾರ್ಡ್ ಹಿಡಿದು ನಿಂತರು, ನಾನು ಕಾಯಬೇಕು. ಕಾಯೋದೇ ಕಷ್ಟದ ಕೆಲಸ, ಯಾಕೆಂದರೆ ಆ ಹೊತ್ತಲ್ಲೇ ಬೆರಳು ಹಿಂಡೋದು. ಎಲ್1. ಡ್ರೈವ್ ಇಂಪ್ಯಾಕ್ಟ್. ಅವರು ನೋಡಿದರು, ತಿರುಗಿಸಿ ಹೊಡೆದರು. ಅಲ್ಲಿಗೆ ಟೂರ್ನಿ ಮುಗಿಯಿತು.

ಎರಡು ಗೆಲುವು, ಎರಡು ಸೋಲು. ಮನೆಗೆ ಬಂದು ಉಗುರು ನೋಡಿಕೊಂಡೆ, ಹೆಬ್ಬೆರಳಿನಲ್ಲಿ ಯಾವ ಗುರುತೂ ಇರಲಿಲ್ಲ. ಬೊಬ್ಬೆ ಇದ್ದ ಜಾಗ ಜಡ್ಡುಗಟ್ಟಿ, ಆ ಜಡ್ಡೂ ಸಿಪ್ಪೆ ಏಳುತ್ತಿತ್ತು.

ಈಗ ಎಲ್ಲಿದೆ

ಬಲಗಡೆ 20ಕ್ಕೆ 16, ಒಳ್ಳೇ ದಿನ 17. ಎಡಗಡೆಯದು ಮೊದಲಿಗಿಂತ ಒಂದೆರಡು ಕಮ್ಮಿಯೇ ಆಗಿದೆ, ಓರೆ ಪ್ಯಾಡ್‌ಗೆ ಹೊಂದಿಕೊಂಡಿದ್ದ ಕೈ ಅಲ್ವಾ, ನೇರ ಪ್ಯಾಡ್ ಮೇಲೆ ಸ್ವಲ್ಪ ತಡವರಿಸುತ್ತೆ. ಮಣಿಕಟ್ಟಿನ ನೋವು ವಾಪಸ್ ಬಂದಿಲ್ಲ, ನಲವತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡುತ್ತೇನೆ. ದಿಕ್ಕನ್ನು ಎರಡು ಸಲ ಕಾಲು ವೃತ್ತ ಸುತ್ತಿಸಿ ಹೊಡೆಯುವ ಸೂಪರ್ ಅನ್ನೋ ಭಾರಿ ಹೊಡೆತ ಮಾತ್ರ ಬಲಗಡೆಯಿಂದ ಈಗಲೂ ನಂಬೋ ಹಾಗಿಲ್ಲ, ಹಿಸ್ಟರಿಯಲ್ಲಿ ಎರಡನೇ ಸುತ್ತಿನ ಕೊನೇ ದಿಕ್ಕು ಕಾಣೆಯಾಗಿರುತ್ತೆ. ಅದು ಗ್ರಿಪ್‌ನದ್ದೋ, ಅವಸರದ್ದೋ ಇನ್ನೂ ಹುಡುಕುತ್ತಿದ್ದೇನೆ. ಎಲ್1 ಅಲಾರಂ ಹಾಗೇ ಇದೆ, ತೆಗೆದಿಲ್ಲ.

ಹೋದ ವಾರ ಗೆಳೆಯ ಬಂದಿದ್ದ, ಪ್ಯಾಡ್ ತಂದಿರಲಿಲ್ಲ, ನನ್ನದೇ ಕೊಟ್ಟೆ. ಎರಡು ರೌಂಡ್ ಆಡಿ ಪ್ಯಾಡ್ ಕೆಳಗಿಟ್ಟ. "ತೊಡೆ ಮೇಲಿಟ್ಕೊಂಡು ಹೆಂಗೋ ಆಡ್ತೀಯ, ನಂಗೆ ಕತ್ತು ನೋವು ಬಂತು" ಅಂದ. ಅವನು ಪ್ಯಾಡನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದು ಆಡೋನು, ಅಂಗೈ ನನ್ನದರ ಒಂದೂವರೆ ಪಾಲು ಇದೆ. ಮೂರನೇ ರೌಂಡ್ ಅವನ ರೀತಿಯಲ್ಲೇ ಎತ್ತಿ ಹಿಡಿದು ಆಡಿದ. ನನ್ನನ್ನು ಹೊಡೆದು ಹಾಕಿದ.